ಟೈರಿನ ನಡುವಿನ ಜಾಗ

ಪುಣೆ, ಚಾಕಣ ರಸ್ತೆಯ ಒಂದು ಗೋಡೌನು. ತೂಕದ ಕಟ್ಟೆಯ ಮೇಲೊಂದು ಚೌಕಟ್ಟು, ಅದಕ್ಕೆ ಕ್ಯಾಮೆರಾ, ಇನ್‌ಫ್ರಾರೆಡ್ ಸೆನ್ಸರು. ನಗ, ಅಂದರೆ ಸರಕಿನ ಕಟ್ಟು, ಇಟ್ಟರೆ ಸಾಕು; ಉದ್ದ, ಅಗಲ, ಎತ್ತರ, ತೂಕ ಎಲ್ಲ ಪರದೆಗೆ ಬಂದು ಸಾಗಣೆ ರಸೀದಿಯಾದ ಬಿಲ್ಟಿಗೆ ಇಳಿಯುತ್ತವೆ. ಟೇಪು ಹಿಡಿಯುವವರೇ ಇಲ್ಲ.

ಕೊರಿಯರಿನವರ ಲೆಕ್ಕ: ಸೆಂಟಿಮೀಟರಿನಲ್ಲಿ ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸಬೇಕು. ಅದು ವಾಲ್ಯೂಮೆಟ್ರಿಕ್ ತೂಕ. ತಕ್ಕಡಿಯ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ.

ಒಂದು ಅಡಿ ಉದ್ದ, ಅಗಲ, ಎತ್ತರದ ಹಗುರ ಡಬ್ಬಿ. ಕೊರಿಯರಿನಲ್ಲಿ 5.7 ಕೆಜಿ. ಏರ್ ಕಾರ್ಗೋದಲ್ಲಿ ಭಾಜಕ 6000, ಅಲ್ಲಿ 4.7. ಲಾರಿಯವರು ಘನ ಅಡಿಗೆ 6, 8, 10 ಕೆಜಿ ಎಂದು ತಮ್ಮತಮ್ಮ ದರದ ಕರಾರಿನಂತೆ ಹಿಡಿಯುತ್ತಾರೆ. ಹಡಗಿನಲ್ಲಿ ಒಂದು ಘನ ಮೀಟರಿಗೆ ಒಂದು ಟನ್, ಅಂದರೆ ಇದೇ ಡಬ್ಬಿ 28 ಕೆಜಿ. ಸ್ಕ್ಯಾನರು ಮಿಲಿಮೀಟರಿನಲ್ಲಿ ಅಳೆದದ್ದನ್ನು ಭಾಜಕವೊಂದು ಹೀಗೆ ಎಳೆದಾಡುತ್ತದೆ. ಗ್ರಾಹಕ ಮೊದಲು ಕೇಳಬೇಕಾದದ್ದು ಭಾಜಕವನ್ನೇ.

ಮುಂಢ್ವಾದ ಭಾರತ್ ಫೋರ್ಜ್‌ನಂಥ ಕಾರ್ಖಾನೆಯ ಕ್ರ್ಯಾಂಕ್‌ಶಾಫ್ಟಿಗೆ ಈ ಯಂತ್ರದಿಂದ ಏನೂ ಆಗುವುದಿಲ್ಲ. 50×40×40 ಸೆಂಟಿಮೀಟರಿನ ಪೆಟ್ಟಿಗೆ ಕೊರಿಯರಿನ ಲೆಕ್ಕದಲ್ಲಿ 16 ಕೆಜಿ. ಅದರ ಕಾಲುಭಾಗ ಉಕ್ಕು ತುಂಬಿದರೂ ತಕ್ಕಡಿಯಲ್ಲಿ 150 ದಾಟುತ್ತದೆ. ಪೆಟ್ಟು ಬೀಳುವುದು ಬಂಪರಿಗೆ, ಥರ್ಮೋಕೋಲಿಗೆ, ಮಂಡಕ್ಕಿ ಚೀಲಕ್ಕೆ.

ಮಂಡಕ್ಕಿ ಚೀಲದ ಆಕಾರ ಯಾವುದು? ನಿಲ್ಲಿಸಿದರೆ ಒಂದು, ಮಲಗಿಸಿದರೆ ಇನ್ನೊಂದು. ಯಂತ್ರ ಆ ಗಳಿಗೆಯ ಉಬ್ಬನ್ನು ಹಿಡಿಯುತ್ತದೆ. ಕಪ್ಪು ಮೈ ಬೆಳಕು ನುಂಗುತ್ತದೆ, ಹೊಳೆಯುವ ಪ್ಲಾಸ್ಟಿಕ್ ಸುತ್ತು ಅದನ್ನು ಚದುರಿಸುತ್ತದೆ. ಅಂಥ ನಗ ಎರಡನೇ ಸಲ ಇಟ್ಟಾಗ ಅಂಕಿ ಬದಲಾಗುವುದುಂಟು. ಇಂಥ ಯಂತ್ರಗಳಿಗೆ ಓಐಎಂಎಲ್ ಆರ್ 129 ಎಂಬ ಅಂತಾರಾಷ್ಟ್ರೀಯ ಶಿಫಾರಸು ಇದೆ. ಮೆತ್ತಗಿನ ಚೀಲವನ್ನು ಹೇಗಿಟ್ಟು ಅಳೆದರು ಎಂಬುದೂ ಬಿಲ್ಟಿಯಲ್ಲಿ ಬರಬೇಕು ಅನ್ನಿಸುತ್ತದೆ.

ನನ್ನನ್ನು ಬಿಡದೆ ಕಾಡಿದ್ದು ಕಾರಿನ ಟೈರು. ಅಡ್ಡಳತೆ 60, ಅಗಲ 20 ಸೆಂಟಿಮೀಟರ್. ಯಂತ್ರ ಬರೆಯುವುದು ಟೈರನ್ನಲ್ಲ, ಅದನ್ನು ಒಳಗೊಳ್ಳುವ ಅತಿ ಚಿಕ್ಕ ಪೆಟ್ಟಿಗೆಯನ್ನು: 60×60×20, ಅಂದರೆ 14.4 ಕೆಜಿ. ತಕ್ಕಡಿಯಲ್ಲಿ 9ರ ಆಸುಪಾಸು. ನಾಲ್ಕು ಮೂಲೆ, ನಡುವಿನ 40 ಸೆಂಟಿಮೀಟರಿನ ತೂತು ಕಳೆದರೆ ಟೈರಿಗೆ ಉಳಿಯುವುದು ಪೆಟ್ಟಿಗೆಯ ಅರ್ಧಕ್ಕೂ ಕಡಿಮೆ. ಉಳಿದದ್ದು ಗಾಳಿ. ಬೇರೆ ಸರಕಿಗೆ ಅಲ್ಲಿ ಜಾಗ ಇಲ್ಲದಿದ್ದರೆ ಗಾಳಿಗೂ ಬಾಡಿಗೆ ಕೊಡುವುದು ನ್ಯಾಯವೇ.

ಆದರೆ ಲಾರಿಯೊಳಗೆ ಆ ತೂತಿನಲ್ಲಿ ಜಾಗ ಇರುತ್ತದೆ. ಹಮಾಲರು ಟೈರುಗಳನ್ನು ಓರೆಯಾಗಿ, ಒಂದರ ತೂತಿನೊಳಗೆ ಇನ್ನೊಂದರ ಅಂಚು ಬರುವಂತೆ ಹೆಣೆಯುತ್ತಾರೆ, ಜಡೆ ಹಾಕಿದಂತೆ. ನೇರ ಪೇರಿಸಿದ್ದಕ್ಕಿಂತ ಹೆಚ್ಚು ಟೈರು ಹಿಡಿಯುತ್ತವೆ. ಹಾಗಾದರೆ ಒಂದೇ ಜಾಗಕ್ಕೆ ಎರಡು ಬಿಲ್ಟಿಯಲ್ಲಿ ಬಾಡಿಗೆ ಬಂತಲ್ಲ? ಆ ಉಳಿತಾಯ ಯಾರ ಖಾತೆಗೆ?

ಬಾಬಾ ಆಢಾವ್ ಹಮಾಲರ ಸಂಘಟನೆಯಾದ ಹಮಾಲ ಪಂಚಾಯತ್ ಕಟ್ಟಿದ ಊರು ಇದು. ಹೊರೆ ಹೊರುವವರಿಗಾಗಿ ಬಂದ 1969ರ ಮಾಥಾಡಿ ಕಾಯ್ದೆ ಇದೇ ರಾಜ್ಯದ್ದು. ಆದರೂ ಹಮಾಲಿ ಲೆಕ್ಕ ಸಾಮಾನ್ಯವಾಗಿ ನಗದ ಮೇಲೆ, ತೂಕದ ಮೇಲೆ. ಹೆಣಿಗೆಯ ಕೌಶಲಕ್ಕೆ ಅದರಲ್ಲಿ ಕಲಮೇ ಇಲ್ಲ.

ಆ ಕೌಶಲವನ್ನು ಅಳೆಯಲು ಯಂತ್ರದಲ್ಲೇ ದಾರಿ ಇದೆ. 32 ಅಡಿಯ ಕಂಟೇನರ್ ಲಾರಿಯ ಒಳಗೆ ಸುಮಾರು 2000 ಘನ ಅಡಿ. ಬರೀ ಟೈರು ತುಂಬಿದ ಲಾರಿಯೊಂದರ ಎಲ್ಲ ನಗಗಳ ಸ್ಕ್ಯಾನರ್ ಅಳತೆ ಕೂಡಿಸಿ ನೋಡಬೇಕು. ಮೊತ್ತ 2000 ಮೀರಿದರೆ, ಮೀರಿದಷ್ಟೂ ಹಮಾಲರ ಕೈಯಿಂದ ಬಂದ ಜಾಗ. ಆ ಅಂಕಿ ಗೋಡೌನಿನ ಕಂಪ್ಯೂಟರಿನಲ್ಲಿ ಈಗಾಗಲೇ ಬಿದ್ದಿದೆ, ಕೂಡಿಸಬೇಕು ಅಷ್ಟೆ.