ಕೆಂಚಿಯ ಊಟದ ಲೆಕ್ಕ

ಕುದುರೆ ಸಾಕುವುದರಲ್ಲಿ ಸವಾರಿಗಿಂತ ದೊಡ್ಡ ಸುಖವೊಂದಿದೆ ಎಂದರೆ ಗೆಳೆಯರು ನಗುತ್ತಾರೆ. ನನಗಂತೂ ಅದಕ್ಕೆ ಏನು ಹಾಕಬೇಕು, ಎಷ್ಟು, ಯಾವ ಹೊತ್ತಿಗೆ ಎಂದು ಕೂತು ಲೆಕ್ಕ ಹಾಕುವುದೇ ಸುಖ. ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಯಲ್ಲಿ ಕೆಂಚಿಯನ್ನು ಕೊಂಡಾಗ ಮಾರಿದವನ ಹತ್ತಿರ ಅವಳು ತಿನ್ನುತ್ತಿದ್ದ ಮೇವನ್ನೂ ಚೀಲ ತುಂಬಿಸಿಕೊಂಡೇ ರಾಯಚೂರಿಗೆ ಹೊರಟೆ. ಕುದುರೆ ಹೊಸ ಊರಿಗೆ ಒಂದು ರಾತ್ರಿಯಲ್ಲಿ ಬಂದಿಳಿಯುತ್ತದೆ, ಅದರ ಹೊಟ್ಟೆ ಬರುವುದು ನಿಧಾನ.

ಆ ಹೊಟ್ಟೆಯ ರಚನೆಯೇ ವಿಚಿತ್ರ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ ಹತ್ತು ಹದಿನೈದು ಲೀಟರಿನದು. ಪಿತ್ತಕೋಶ ಇಲ್ಲ. ಎಮ್ಮೆಯಂತೆ ಮೆಲುಕು ಹಾಕುವುದಿಲ್ಲ, ನಾಯಿಯಂತೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ನಾರು ಕರಗಿಸುವ ಕೆಲಸವೆಲ್ಲ ಹಿಂದಿನ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳದ್ದು. ಮೇವು ದಿಢೀರನೆ ಬದಲಾದರೆ ಅವು ಕಂಗೆಟ್ಟು ಹೊಟ್ಟೆಶೂಲೆ ಹಿಡಿಯುತ್ತದೆ, ಕೆಲವೊಮ್ಮೆ ಗೊರಸಿನ ಒಳಗೇ ಉರಿಯೂತವಾಗಿ ಕುದುರೆ ಕುಂಟುತ್ತದೆ. ಹಾಗಾಗಿ ಹಳೆಯ ಮೇವಿಗೆ ಹೊಸದನ್ನು ದಿನಕ್ಕಿಷ್ಟು ಬೆರೆಸುತ್ತ ಒಂದೆರಡು ವಾರ ಸಾಗಿಸಬೇಕು.

ತೂಕ ಗೊತ್ತಿಲ್ಲದೆ ಲೆಕ್ಕವಿಲ್ಲ. ಬೀದರಿನಲ್ಲಿ ಓದಿದ ಪಶುವೈದ್ಯರೊಬ್ಬರು ದರ್ಜಿಯ ಟೇಪಿನಲ್ಲೇ ತೂಗುವುದನ್ನು ಹೇಳಿಕೊಟ್ಟರು: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ ಮತ್ತೆ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಬೇಕು. ಅಳತೆ ಸೆಂಟಿಮೀಟರಿನಲ್ಲಿ, ಉತ್ತರ ಕಿಲೋದಲ್ಲಿ. ಕೆಂಚಿಯ ಸುತ್ತಳತೆ 150, ಉದ್ದ 145, ಅಂದರೆ ಸುಮಾರು 275 ಕಿಲೋ. ಮೈತೂಕದ ನೂರಕ್ಕೆ ಎರಡರಷ್ಟು ಒಣಮೇವು ಎಂದು ಹಿಡಿದರೆ ದಿನಕ್ಕೆ ಐದೂವರೆ ಕಿಲೋ. ಅದೂ ಒಮ್ಮೆಗೇ ಅಲ್ಲ. ಬಯಲಲ್ಲಿ ಬಿಟ್ಟ ಕುದುರೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ, ಅದರ ಜಠರದಲ್ಲಿ ಆಮ್ಲವೂ ಬಿಡುವಿಲ್ಲದೆ ಒಸರುತ್ತದೆ. ಬರಿಹೊಟ್ಟೆಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕಿದರೆ ಹುಣ್ಣಾಗುತ್ತದೆ.

ಊರಲ್ಲಿ ಹಿಂದೆ ಟಾಂಗಾ ಓಡಿಸುತ್ತಿದ್ದ ಚಾಚಾ ಒಬ್ಬರಿದ್ದಾರೆ. ಯಾವ ದಾಣಿ ಒಳ್ಳೆಯದು ಎಂದು ಕೇಳಿದರೆ ಅವರು ಕೈಯಾಡಿಸಿಬಿಟ್ಟರು: “ದಾಣಿ ಆಮ್ಯಾಲ ನೋಡೋಣಂತ ಸರ. ಮೊದ್ಲು ಕಣಕಿ ತೋರ್ಸ್ರಿ, ಯಾವ ಹೊಲದ್ದು ಅದ?”

ಕಣಕಿ ಎಂದರೆ ಜೋಳದ ಒಣದಂಟು, ಅದನ್ನು ಹುಡುಕುವುದು ಅಲ್ಲಿಂದ ನನಗೊಂದು ಹುಚ್ಚಾಯಿತು. ಮಾನ್ವಿ ಕಡೆ ಹೋದರೆ ರಸ್ತೆಯ ಎರಡೂ ಬದಿ ಭತ್ತದ ಹುಲ್ಲಿನ ಬಣವೆಗಳು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆ ನೆಲ ಸೋನಾ ಮಸೂರಿಯದಾಯಿತು. ಎಮ್ಮೆಗೆ ಆ ಹುಲ್ಲು ನಡೆದೀತು. ಕುದುರೆಗೆ ಅದರಲ್ಲಿ ಸತ್ವ ಕಡಿಮೆ, ಸಿಲಿಕಾ ಜಾಸ್ತಿ, ಅದರೊಳಗಿನ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಸಿಗದಂತೆ ಮಾಡುತ್ತದೆ. ಗದ್ದೆಬದುವಿನಲ್ಲಿ ಹಸಿರಾಗಿ ಹಬ್ಬಿದ ಕರಕಿಯನ್ನು ಕಂಡರೆ ಕೆಂಚಿ ಕಿವಿ ನಿಮಿರಿಸುತ್ತಾಳೆ. ಆದರೆ ಪಕ್ಕದ ಗದ್ದೆಗೆ ಯಾವಾಗ ಔಷಧಿ ಹೊಡೆದರು ಎಂದು ಕೇಳದೆ ನಾನು ಅವಳನ್ನು ಅಲ್ಲಿ ಬಿಡುವುದಿಲ್ಲ.

ದೇವದುರ್ಗದಲ್ಲಿಯೂ ನಾರಾಯಣಪುರ ಬಲದಂಡೆಯ ನೀರು ಹರಿದಲ್ಲಿ ಭತ್ತ ಕಾಲಿಟ್ಟಿದೆ. ನೀರು ಏರದ ಎರೆಹೊಲಗಳಲ್ಲಿ ಇನ್ನೂ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಶಿವರಾತ್ರಿಯ ಆಸುಪಾಸಿನಲ್ಲಿ ಕಿತ್ತ ಮಾಲದಂಡಿಯ ಕಣಕಿಯನ್ನು ಮುರಿದು ಮೂಸಿದರೆ ಸಿಹಿ ವಾಸನೆ ಬರಬೇಕು, ಎಲೆ ಉದುರದೆ ದಂಟಿಗೆ ಅಂಟಿಕೊಂಡಿರಬೇಕು. ಒಂದು ಚುಕ್ಕೆ ಬೂಸ್ಟು ಕಂಡರೂ ಸೂಡನ್ನು ಪಕ್ಕಕ್ಕಿಡುತ್ತೇನೆ. ಎಳೆಯ ಹಸಿಜೋಳವನ್ನಂತೂ ಮುಟ್ಟಿಸುವುದೇ ಇಲ್ಲ, ಅದರಲ್ಲಿ ಸಯನೈಡಿನ ವಿಷ ಹುಟ್ಟುತ್ತದೆಂಬುದು ದನ ಕಾಯುವ ಹುಡುಗರಿಗೂ ಗೊತ್ತು. ನೀರಾವರಿ ನಮ್ಮ ತಟ್ಟೆಯನ್ನು ಬದಲಿಸಿತು, ಕುದುರೆಯ ಹೊಟ್ಟೆ ಮಾತ್ರ ಕಾಲುವೆಗಿಂತ ಮುಂಚಿನ ರಾಯಚೂರನ್ನೇ ಕೇಳುತ್ತದೆ.

ದಾಣಿಯ ಮಾತಿಗೆ ಬಂದರೆ ಈ ಸೀಮೆಗೆ ದೊಡ್ಡ ಪರಂಪರೆಯೇ ಇದೆ. ಹದಿನೈದನೆಯ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಹೊರ್ಮುಜಿನಿಂದ ಹಡಗಿನಲ್ಲಿ ಗಂಡುಕುದುರೆಯೊಂದನ್ನು ತಂದು ಕೊನೆಗೆ ಬೀದರಿನಲ್ಲಿ ಮಾರಿದ. ಇಲ್ಲಿ ಕುದುರೆಗಳಿಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿ ಕಿಚಡಿ ಬೇಯಿಸಿಕೊಡುತ್ತಾರೆ ಎಂದು ಅವನು ಬರೆದಿಟ್ಟಿದ್ದಾನೆ. ಕಿಚಡಿ ಕೆಂಚಿಗಿಂತ ನನಗೇ ಲೇಸು. ಕಡಲೆ ಮಾತ್ರ ಇಂದಿಗೂ ಸರಿ: ರಾತ್ರಿ ನೆನೆಸಿಟ್ಟದ್ದು, ಜೊತೆಗೆ ಬೇಯಿಸಿದ ಹುರಳಿ ಒಂದು ಹಿಡಿ. ಕೆಲಸವಿಲ್ಲದ ದಿನ ಅದನ್ನೂ ಅರ್ಧಕ್ಕಿಳಿಸುತ್ತೇನೆ. ಕಾಳು ಹೆಚ್ಚಾದಷ್ಟೂ ಪ್ರೀತಿ ಹೆಚ್ಚು ಎಂದು ನಂಬಿದವರ ಕುದುರೆಗಳೇ ಹೆಚ್ಚಾಗಿ ಕಾಯಿಲೆ ಬೀಳುತ್ತವೆ.

ನಮ್ಮೂರಿನಲ್ಲಿ ಅಗ್ಗವಾಗಿ ಸಿಗುವ ವಸ್ತುಗಳೇ ಹೆಚ್ಚು ಅಪಾಯದವು. ಅಕ್ಕಿ ಗಿರಣಿಗಳು ಸಾಲುಸಾಲಾಗಿರುವುದರಿಂದ ತೌಡಿಗೆ ಬರವಿಲ್ಲ. ಅದರಲ್ಲಿ ರಂಜಕ ಹೇರಳ, ಸುಣ್ಣ ಕಡಿಮೆ. ಬರೀ ತೌಡು ತಿನ್ನಿಸುತ್ತ ಹೋದರೆ ಮೈ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಂಡು ಕುದುರೆಯ ಮುಖ ಊದಿಕೊಳ್ಳುತ್ತದೆ. ಯುರೋಪಿನಲ್ಲಿ ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದು ಬರುತ್ತಿತ್ತಂತೆ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ದನಗಳ ಸಿದ್ಧ ಆಹಾರಕ್ಕೆ ಕೆಲವು ಕಡೆ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಎಮ್ಮೆಗೆ ಹಿತ, ಕುದುರೆಗೆ ಸಾವು. ಚೀಲದ ಮೇಲಿನ ಚೀಟಿ ಓದದೆ ಯಾವುದನ್ನೂ ಲಾಯದೊಳಗೆ ತರುವುದಿಲ್ಲ.

ಇಷ್ಟೆಲ್ಲ ಲೆಕ್ಕ ಸರಿಯೋ ತಪ್ಪೋ ಎಂದು ಹೇಳುವುದು ಲದ್ದಿ. ಬೆಳಿಗ್ಗೆ ಪತ್ರಿಕೆಗೂ ಮೊದಲು ನಾನು ಓದುವುದು ಅದನ್ನೇ. ಉಂಡೆಯುಂಡೆಯಾಗಿ ಬಿದ್ದು ನೆಲ ಮುಟ್ಟಿದೊಡನೆ ಒಡೆಯಬೇಕು. ಗಟ್ಟಿಯಾಗಿದ್ದರೆ ನೀರು ಸಾಲದು, ತೆಳ್ಳಗಾದರೆ ಮೇವು ಬದಲಿಸಿದ್ದು ಅವಸರವಾಯಿತು. ಕಡಲೆ ಇಡಿಯಾಗಿಯೇ ಹೊರಬಂದರೆ ಹಲ್ಲು ನೋಡಿಸಬೇಕು. ಮನೆಯವಳು ಇದಕ್ಕೆ ಮೂಗು ಮುರಿಯುತ್ತಾಳೆ, ಹಿತ್ತಲಿನ ಬದನೆಗಿಡಕ್ಕೆ ಬುಟ್ಟಿ ತುಂಬಿಕೊಂಡು ಹೋಗುವವಳೂ ಅವಳೇ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆವರಿನೊಂದಿಗೆ ಉಪ್ಪೂ ಸೋರಿಹೋಗುವುದರಿಂದ ಗೋದಲಿಯಲ್ಲಿ ಸದಾ ಕಲ್ಲುಪ್ಪಿನ ಗಡ್ಡೆಯೊಂದು ಇರುತ್ತದೆ. ಒಣಮೇವನ್ನು ನೀರು ಚಿಮುಕಿಸಿಯೇ ಹಾಕುತ್ತೇನೆ, ಧೂಳೂ ಇಳಿಯುತ್ತದೆ.

ಈಗ ಉಳಿದಿರುವುದು ಕುದುರೆ ಮೆಂತ್ಯದ ಏರ್ಪಾಡು. ಸುಣ್ಣದ ಅಂಶ ತುಂಬಿದ ಆ ಹಸಿರನ್ನು ದಿನಕ್ಕೆ ಒಂದೆರಡು ಹಿಡಿ ಕೊಟ್ಟರೆ ಕಣಕಿಯ ಕೊರತೆ ತುಂಬುತ್ತದೆ. ಮಾನ್ವಿಯ ಗೆಳೆಯನದೊಂದು ತುಂಡು ಹೊಲ ಕಾಲುವೆಯ ಕೊನೆಯಲ್ಲಿದೆ. ಅಲ್ಲಿಯವರೆಗೆ ಭತ್ತಕ್ಕಾಗುವಷ್ಟು ನೀರು ಬರುವುದಿಲ್ಲ, ಬೋರಿನ ನೀರು ಮೆಂತ್ಯಕ್ಕೆ ಸಾಕು. ದೀಪಾವಳಿ ಕಳೆದ ಮೇಲೆ ಬಿತ್ತಲು ಒಪ್ಪಿದ್ದಾನೆ, ಬದಲಿಗೆ ವರ್ಷದ ಲದ್ದಿಯೆಲ್ಲ ತನಗೇ ಬೇಕಂತೆ. ಬದನೆಗಿಡದ ಪಾಲನ್ನು ಬಿಟ್ಟುಕೊಡಲು ಮನೆಯಲ್ಲಿ ಒಪ್ಪುತ್ತಿಲ್ಲ, ಮಾತುಕತೆ ನಡೆದಿದೆ.