ಸಾಗವಾನಿ ಟೇಬಲ್ಲು, ಗ್ರಾಫಿಕ್ಸ್ ಕಾರ್ಡು ಮತ್ತ ಒಗ್ಗರಣಿ ಜಿಡ್ಡು

ನಮ್ಮ ಸಣ್ಣಾಕಿ ಮನ್ಯಾಗ ಕೂತು ಕೆಲಸಾ ಮಾಡ್ತಾಳ. ಏನ ಕೆಲಸಾ ಅಂತ ನಮ್ಮತ್ತಿಗೆ ಇನ್ನೂ ಬಗಿಹರದಿಲ್ಲ. "ಹುಡುಗಿ ಮಂದಿ ಮನಿ ಒಳಗಿನ ಚಿತ್ರಾ ತಗೀತದ" ಅಂತಾರ. ನೋಡಿದ್ರ ಅದು ಬರೋಬ್ಬರಿನ ಅದ. ಇನ್ನೂ ಕಟ್ಟಲಾರದ ಮನಿದು ಅಡಗಿಮನಿ, ಪಡಸಾಲಿ, ಸೋಫಾ, ಕಿಡಕಿ ಪಡದೆ ಎಲ್ಲಾ ಬ್ಲೆಂಡರ್ ಅನ್ನೋ ಸಾಫ್ಟ್‌ವೇರಿನ್ಯಾಗ ಮಾಡಿ, ಅದರೊಳಗ ನಾವ ಅಡ್ಡಾಡಿದಂಗ ವಿಡಿಯೋ ತಗದು ಕೊಡ್ತಾಳ. ಒಂದು ಸೆಕೆಂಡಿಗೆ 25 ಚಿತ್ರಾ ಬೇಕು, ಅದಕ್ಕ ಫ್ರೇಮ್ ಅಂತಾರ. ಒಂದೊಂದು ಫ್ರೇಮಿನ್ಯಾಗೂ ಬೆಳಕು ಎಲ್ಲಿಂದ ಬಂತು, ಯಾವ ಗ್ವಾಡಿಗೆ ಬಡದು ಎತ್ತಾಗ ಹೋತು ಅಂತ ಲೆಕ್ಕಾ ಹಾಕೋದು ಗ್ರಾಫಿಕ್ಸ್ ಕಾರ್ಡಿನ ಪಾಲಿಗೆ.

ಈ ಏಪ್ರಿಲ್ ತಿಂಗಳದಾಗ ಆಕಿಗೆ ಒಂದು ದೊಡ್ಡ ಆರ್ಡರ್ ಬಂತು. 600 ಫ್ರೇಮು, ಸೋಮವಾರ ಮುಂಜಾನೆ 10 ಗಂಟೆಗೆ ಕೊಡಬೇಕು. ಫ್ರೇಮಿಗೆ 4 ನಿಮಿಷ ಹಿಡದರ 40 ತಾಸು. ಶುಕ್ರವಾರ ಸಂಜಿಮುಂದ ಹಚ್ಚಿದ್ರ ರವಿವಾರ ಆರಾಮ ಮುಗೀತದ ಅಂತ ಲೆಕ್ಕಾ ಹಾಕಿದ್ಲು. ಮೊದಲನೇ ಫ್ರೇಮ್ ಖರೇನ 4 ನಿಮಿಷದಾಗ ಬಂತು. ಹತ್ತನೇದಕ್ಕ 5 ಆತು. ಇಪ್ಪತ್ತನೇದಕ್ಕ 7. 7 ನಿಮಿಷದ ಲೆಕ್ಕದಾಗ 70 ತಾಸು ಬೇಕು. ಸೋಮವಾರ ಮುಂಜಾನಿ ತನಕಾ ಇದ್ದದ್ದ 64.

ಹುಡುಗಿ ಮಾರಿ ನೋಡಿ ನನಗ ಊಟಾ ಸೇರಲಿಲ್ಲ. ಯಾಕಂದ್ರ ಬೆಂಗಳೂರಿನ ಒಂದು ಆಫೀಸಿನವರು ನೌಕರಿಗೆ ಕರದಿದ್ರು, ಆಕಿ ಇನ್ನೂ ಹೂಂ ಅಂದಿದ್ದಿಲ್ಲ. "ಅಮ್ಮ, ಈ ಆರ್ಡರ್ ಹೋತಂದ್ರ ನಾ ಧಾರವಾಡದಾಗ ಕೂತು ಮಾಡೋದು ಏನೂ ಉಳೀಲಿಲ್ಲ, ಅಲ್ಲೆ ಹೋಗಿಬಿಡ್ತೀನಿ" ಅಂದ್ಲು. ಮಷೀನ್ ತಂದ ಅಂಗಡಿಯವಗ ಫೋನ್ ಹಚ್ಚಿದ್ರ ಅವಾ ನೋಡದನ ಹೇಳಿಬಿಟ್ಟಾ: "ಕಾರ್ಡ್ ಹೋಗ್ಯದ್ರಿ, ಹೊಸಾದು ಹಾಕೋಣು." ಮೂವತ್ತು ಸಾವಿರದ ಮಾತು. ನಮ್ಮವರು ಚೆಕ್ ಬುಕ್ ಎಲ್ಲೆ ಅದ ಅಂತ ಕೇಳಲಿಕ್ಕೂ ಶುರು ಮಾಡಿದ್ರು. ನನಗ ಸೇರಲಿಲ್ಲ. ಹೋದ ದೀಪಾವಳಿಗೆ ತಂದ ಮಷೀನು, ಥಂಡಿ ದಿನದಾಗ ಕುದರಿಯಂಗ ಓಡಿದ್ದು, ಆರು ತಿಂಗಳಿಗೆ ಹೆಂಗ ಹೋಗ್ತದ?

ಹೋಗೋ ಸಾಮಾನಿಗೂ ದಣಿಯೋ ಸಾಮಾನಿಗೂ ಫರಕ್ ಅದರಿ. ಮಿಕ್ಸರದಾಗ ಇಡ್ಲಿ ಹಿಟ್ಟು ಗಟ್ಟಿ ಹಾಕಿ ಭಾಳೊತ್ತು ತಿರುವಿದ್ರ ಕೆಳಗಿನ ಕೆಂಪು ಬಟನ್ ಟಪ್ ಅಂತ ಹಾರಿ ಮಷೀನ್ ನಿಂತ ಬಿಡ್ತದ. ಮೋಟರ್ ಸುಡಬಾರದಂತ ಮಾಡಿದ್ದು ಅದು. ಗ್ರಾಫಿಕ್ಸ್ ಕಾರ್ಡಿಗೂ ಹಂತಾದ ಒಂದು ಬುದ್ಧಿ ಇರ್ತದ, ಆದರ ಅದು ನಿಲ್ಲೂದಿಲ್ಲ, ನಡಿಗಿ ನಿಧಾನ ಮಾಡ್ತದ. ಬಿಸಿ ತನ್ನ ಮಿತಿಗೆ ಮುಟ್ಟಿತಂದ್ರ ವೇಗಾನೂ ವೋಲ್ಟೇಜೂ ತಾನ ಇಳಿಸಿ, ಆ ಮಿತಿ ದಾಟದಂಗ ನೋಡಿಕೋತದ. ಮಂದಿ ಇದನ್ನ ಕೆಟ್ಟೋತು ಅಂತಾರ. ಕೆಡಬಾರದಂತ ಅದು ಮಾಡೋ ಕೆಲಸಾನ ಅದು.

ಇನ್ನೊಂದು ಗುರುತು ಸಣ್ಣಾಕಿನ ಹೇಳಿದ್ಲು. ಮೊದಲನೇ ಫ್ರೇಮಿನಿಂದನ ನಿಧಾನ ಇದ್ರ ಕಾರಣ ಬ್ಯಾರೆ ಇರ್ತದ: ಕಾರ್ಡಿನ ಮೆಮರಿ ತುಂಬಿ ಹೊರಗಿನ ಮೆಮರಿಗೆ ಓಡಾಡಲಿಕ್ಕೆ ಹತ್ತೇದ, ಇಲ್ಲಾ ಡ್ರೈವರ್ ಕೆಟ್ಟದ, ಇಲ್ಲಾ ಕಾರ್ಡಿನ ಬದಲಿ ಪ್ರೊಸೆಸರಿಗೆ ಕೆಲಸಾ ಬಿದ್ದದ. ಮೊದಲ ಛಲೋ ಓಡಿ ಹತ್ತಿಪ್ಪತ್ತು ನಿಮಿಷಕ್ಕ ಇಳಕೋತ ಹೋದ್ರ ಮೊದಲ ಬಿಸಿ ಮ್ಯಾಲೆನ ಸಂಶಯಾ ತಗೋಬೇಕು. ನಮ್ಮದು ಎರಡನೇ ನಮೂನಿದು.

ಸಂಶಯಾ ಅಂದ್ರ ಸಾಲೂದಿಲ್ಲ, ಅಂಕಿ ಬೇಕು. ಜಿಪಿಯು-ಝಡ್ ಅನ್ನೋ ಫುಕಟ್ ಸಾಫ್ಟ್‌ವೇರ್ ಅದ, ಅದರಾಗ ಸೆನ್ಸರ್ಸ್ ಅನ್ನೋ ಕಡೆ ಹೋದ್ರ ಕಾರ್ಡಿನ ನಾಡಿ ಹಿಡದಂಗ ಎಲ್ಲಾ ಕಾಣಸ್ತದ. ಕೆಲಸಾ ಹಚ್ಚಿ ಇಬ್ಬರೂ ಕೂತು ನೋಡಿದ್ವಿ. ಶುರುವಿಗೆ ವೇಗ 1,850 ಮೆಗಾಹರ್ಟ್ಸ್, ಬಿಸಿ 60 ಡಿಗ್ರಿ. ಬಿಸಿ ಏರಿಕೋತ ಏರಿಕೋತ 83ಕ್ಕ ಬಂದು ನಿಂತು. ಆಮ್ಯಾಲೆ 83 ಅಲ್ಲೇ ಇತ್ತು, ವೇಗ ಮಾತ್ರ 1,700, 1,400, ಕಡೀಕ 1,050. ಪರ್ಫ್‌ಕ್ಯಾಪ್ ರೀಸನ್ ಅಂತ ಒಂದು ಸಾಲು ಇರ್ತದ, ವೇಗಕ್ಕ ಯಾವದು ಅಡ್ಡ ಬಂದದ ಅಂತ ಅದು ಹೇಳ್ತದ. ಅಲ್ಲೆ 'ಪವರ್' ಅಂತ ಬಂದ್ರ ಭಾಳ ಹೆದರೂದು ಬ್ಯಾಡ, ತುಂಬಿದ ಕೆಲಸದಾಗ ಅದು ಸಹಜ. ನಮಗ ಬಂದದ್ದು 'ಥರ್ಮಲ್'.

ಹಂಗಾರ ಬಿಸಿ ಚಿಪ್ಪಿನಿಂದ ಹೊರಗ ಬರಲಿಕ್ಕೆ ತ್ರಾಸ ಪಡ್ಲಿಕತ್ತದೋ, ಹೊರಗ ಬಂದದ್ದು ಹೋಗಲಿಕ್ಕೆ ದಾರಿ ಇಲ್ಲೋ? ಇದು ಭಾಳ ಮಹತ್ವದ್ದು, ಯಾಕಂದ್ರ ಅಂಗಡಿಯವರು ಕಾರ್ಡ್ ಬಿಚ್ಚಿ ಚಿಪ್ಪಿನ ಮ್ಯಾಲಿನ ಪೇಸ್ಟ್ ಬದಲಿ ಮಾಡೋಣು ಅಂತಾರ, ಬಿಚ್ಚಿದ್ರ ವಾರಂಟಿದು ತಕರಾರು. ಅದಕ್ಕ ಹಾಟ್‌ಸ್ಪಾಟ್ ಅನ್ನೋ ಇನ್ನೊಂದು ಅಂಕಿ ನೋಡಬೇಕು. ಚಿಪ್ಪಿನ್ಯಾಗ ಎಲ್ಲಿ ಜಾಸ್ತಿ ಸುಡತದೋ ಆ ಜಾಗಾದ ಬಿಸಿ ಅದು. ಸಾಧಾರಣ ಬಿಸಿಗೂ ಅದಕ್ಕೂ ಅಂತರ 25-30 ಡಿಗ್ರಿ ಆದ್ರ ಪೇಸ್ಟ್ ಒಣಗೇದ, ಇಲ್ಲಾ ಹೀಟ್‌ಸಿಂಕ್ ಸರಿ ಕೂತಿಲ್ಲ. ನಮ್ಮದು 83ಕ್ಕ 96, ಹದಿಮೂರ ಡಿಗ್ರಿ. ಪೇಸ್ಟ್ ತಪ್ಪಿಲ್ಲ, ಕಾರ್ಡ್ ಬಿಚ್ಚೋದು ಬ್ಯಾಡ ಅಂತ ಅಲ್ಲಿಗೇ ನಿಕ್ಕಿ ಆತು.

ರಾತ್ರಿ ಹನ್ನೊಂದಕ್ಕ ಸಿಪಿಯು ಡಬ್ಬಿದು ಒಂದು ಬಾಜೂದ ಬಾಗಲಾ ತಗದು ಮತ್ತ ಹಚ್ಚಿದ್ಲು. ಬಿಸಿ ನೋಡಿದ್ರ ಅದ 83. "ಏನೂ ಫರಕ್ ಬೀಳಲಿಲ್ಲಲ್ಲವಾ" ಅಂದೆ ನಾ. "ಅಮ್ಮ, ಬಿಸಿ ನೋಡಬ್ಯಾಡ, ವೇಗ ನೋಡು" ಅಂದ್ಲು. 1,350! ಮಿತಿಗೆ ಮುಟ್ಟಿದ ಕಾರ್ಡು ಸಿಕ್ಕ ಗಾಳಿನೆಲ್ಲಾ ಮೊದಲ ವೇಗಕ್ಕ ಖರ್ಚು ಮಾಡ್ತದ, ಬಿಸಿ ಇಳಿಯೋದು ಆಮ್ಯಾಲೆ. ಬರೇ ಬಾಗಲಾ ತಗದಿದ್ದಕ್ಕ ಇಷ್ಟು ಏರಿತಂದ್ರ ಖೋಡಿ ಗಾಳಿದು.

ಇನ್ನ ಗಾಳಿ ಎಲ್ಲೆ ಅಡ್ಡಾತು? ಇಲ್ಲೆ ನಮ್ಮವರ ಟೇಬಲ್ಲಿನ ಕಥಿ ಬರ್ತದ. ಮಗಳು ಮನ್ಯಾಗ ಕೂತು ಕೆಲಸಾ ಮಾಡ್ತಾಳ ಅಂತ ಖುಷಿಗೆ, ಬಡಿಗ್ಯಾರನ್ನ ಎಂಟ ದಿವಸ ಮನಿಗೆ ಕರಸಿ ಸಾಗವಾನಿ ಟೇಬಲ್ ಮಾಡಿಸಿದ್ರು. ಸಿಪಿಯು ಇಡಲಿಕ್ಕೆ ಕೆಳಗ ಒಂದು ಕಪಾಟು, ಹಿಂದ ಹಲಗಿ, ಮುಂದ ಬಾಗಲಾ, ಬಾಗಲಕ್ಕ ಹಿತ್ತಾಳಿ ಹಿಡಿಕಿ. ನೋಡಲಿಕ್ಕೆ ದೇವರ ಮಂಟಪ ಇದ್ದಂಗ. ನಮ್ಮ ಕಾರ್ಡ್ ತುಂಬಾ ಕೆಲಸದಾಗ 170 ವ್ಯಾಟ್ ತಿಂತದ, ತಿಂದದ್ದೆಲ್ಲಾ ಕಡೀಕ ಬಿಸಿನ ಆಗೋದು. ನೂರು ವ್ಯಾಟಿನ ಹಳೇ ಬಲ್ಬ್ ಒಂದುವರಿಗಿಂತಾ ಜಾಸ್ತಿ ಹಚ್ಚಿ ಕಪಾಟಿನ ಬಾಗಲಾ ಹಾಕಿದಂಗ. ಬಿಟ್ಟ ಬಿಸಿಗಾಳಿನ ಮತ್ತ ಎಳಕೊಂಡು ಮತ್ತ ಬಿಡೋದು. ಡಿಸೆಂಬರದಾಗ ಖೋಲಿ 22 ಡಿಗ್ರಿ ಇದ್ದಾಗ ನಡೀತು. ಏಪ್ರಿಲ್ಲಿನ್ಯಾಗ ಖೋಲಿನ 34, ಆ ಹನ್ನೆರಡು ಡಿಗ್ರಿ ಹೆಚ್ಚುಕಮ್ಮಿ ಹಂಗ ಹಂಗ ಕಾರ್ಡಿನ ಮ್ಯಾಲೆ ಕೂತು.

ಫ್ರಿಡ್ಜ್ ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ ಅಂತ ಇಪ್ಪತ್ತು ವರ್ಷದಿಂದ ನನಗ ಹೇಳ್ಕೋತ ಬಂದ ಮನಷಾಗ "ಟೇಬಲ್ಲಿನ ಹಿಂದಿನ ಹಲಗಿ ಕೊಯಿಸ್ರಿ" ಅಂದ್ರ ಎಷ್ಟು ಸಿಟ್ಟು ಅಂತೀರಿ! "ಸಾಗವಾನಿ ಅದ ಅದು, ಪ್ಲೈವುಡ್ ಅಲ್ಲ" ಅಂತ ಎದ್ದು ಪಡಸಾಲಿಗೆ ಹೋದ್ರು. ಹುಡುಗಿ ಸುಮ್ಮನ ಸಿಪಿಯು ಎತ್ತಿ ಒಂದು ಮಣೀ ಮ್ಯಾಲೆ ಹೊರಗಿಟ್ಲು. 1,650.

ಅಲ್ಲಿಗೆ ನಿಂದರಬಹುದಿತ್ತು. ಆದರ ಡಬ್ಬಿ ಹೊರಗ ಬಂದ ಮ್ಯಾಲೆ ಬೆಳಕಿನ್ಯಾಗ ಅದರ ಮುಂದಿನ ಜಾಳಗಿ ನನ್ನ ಕಣ್ಣಿಗೆ ಬಿತ್ತು. ಕಂದು ಬಣ್ಣದ್ದು, ಮುಟ್ಟಿದ್ರ ಅಂಟಂಟು. ಅದನ್ನ ಗುರುತು ಹಿಡೀಲಿಕ್ಕೆ ನನಗ ಸಾಫ್ಟ್‌ವೇರ್ ಬೇಕಾಗಲಿಲ್ಲ, ಅಡಗಿಮನಿ ಎಕ್ಸಾಸ್ಟ್ ಫ್ಯಾನಿನ ರೆಕ್ಕಿ ಮ್ಯಾಲೆ ಅದನ್ನ ತಿಕ್ಕಿ ತಿಕ್ಕಿ ಕೈ ಸವದಾವ. ಆಕಿ ಖೋಲಿಗೂ ಅಡಗಿಮನಿಗೂ ನಡುವ ಒಂದು ಗವಾಕ್ಷಿ ಅದ. ಒಗ್ಗರಣಿ ಹೊಗಿ, ದೇವರಮನಿ ಊದಿನಕಡ್ಡಿ, ಹಾಸಿಗಿ ಅರಳಿ, ಮೂರೂ ಕೂಡಿ ಜಾಳಗಿ ಮ್ಯಾಲೆ ಕಂಬಳಿ ನೇಯ್ದಿದ್ವು. ಒಣಾ ಧೂಳು ಬ್ಲೋವರಿಗೆ ಹಾರ್ತದ, ಎಣ್ಣಿ ಕುಡದ ಧೂಳು ಹಾರೂದಿಲ್ಲ. ಅದಕ್ಕ ಜಾಳಗಿ ಬಿಚ್ಚಿ ಪಾತ್ರಿ ತಿಕ್ಕೋ ಸಾಬಾನಿನ ಬಿಸಿನೀರಾಗ ನೆನಸಿ, ಹಳೇ ಬ್ರಷ್‌ಲೆ ತಿಕ್ಕಿ, ಫ್ಯಾನ್ ಕೆಳಗ ಪೂರಾ ಆರೋ ತನಕಾ ಇಟ್ಟೆ.

ಕಾರ್ಡಿಗೆ ಮಾತ್ರ ನೀರು ಸೋಕಿಸಬಾರದು. ಪ್ಲಗ್ ಕಿತ್ತು, ಉಳಿದ ಕರೆಂಟ್ ಇಳೀಲಿ ಅಂತ ಪವರ್ ಬಟನ್ ಒಮ್ಮೆ ಒತ್ತಿ, ಕಬ್ಬಿಣದ ಡಬ್ಬಿ ಮುಟ್ಟಿ ಆಮ್ಯಾಲೆ ಕೈ ಹಾಕಿದ್ಲು. ಬ್ಲೋವರ್ ಹೊಡಿಯೋವಾಗ ಕಾರ್ಡಿನ ಫ್ಯಾನು ತಿರಗದಂಗ ಬೆರಳಿಲೆ ಹಿಡಕೋಬೇಕು, ಇಲ್ಲಾಂದ್ರ ಗಿರಗಿಟ್ಲಿಯಂಗ ತಿರುಗಿ ಅದರ ಬೇರಿಂಗ್ ಹಾಳಾಗ್ತದ. ರೆಕ್ಕಿ ಮ್ಯಾಲಿನ ಜಿಡ್ಡಿಗೆ ಕಿವಿ ಒರಸೋ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರಸಿದ್ಲು. ಇದೆಲ್ಲಾ ಮುಗಿಯೋದ್ರಾಗ ಶನಿವಾರ ಮುಂಜಾನೆ ಎಂಟಾಗಿತ್ತು.

ಕಡೀದೊಂದು ಉಪಾಯ ಆಕಿದ. ಆಫ್ಟರ್‌ಬರ್ನರ್ ಅನ್ನೋದ್ರಾಗ ಕಾರ್ಡಿನ ಪವರ್ ಲಿಮಿಟ್ 100ರಿಂದ 80ಕ್ಕ ಇಳಿಸಿದ್ಲು, ಅಂದ್ರ 170 ವ್ಯಾಟಿನ ಬದಲಿ 136. ನನಗ ಇದು ಉಲ್ಟಾ ಅನಸ್ತು, ಜೋರು ಬೇಕಾದಾಗ ಊಟಾ ಕಡಿಮಿ ಹಾಕಿದಂಗ. ಆದರ ಕಾರ್ಡು ಕಡೀ ನಾಕೆಂಟು ಪಾಲು ವೇಗಕ್ಕಂತ ವಿಪರೀತ ಕರೆಂಟ್ ತಿಂತದಂತ. ಅಷ್ಟು ಬಿಟ್ರ ಬಿಸಿ ಭಾಳ ಇಳೀತದ. ಫ್ರೇಮ್ 4 ನಿಮಿಷ 10 ಸೆಕೆಂಡಿಗೆ ಬಂತು, ಇಪ್ಪತ್ತನೇದೂ ಅಷ್ಟ, ಐವತ್ತನೇದೂ ಅಷ್ಟ. ಬಿಸಿ 72.

ಶನಿವಾರ ಮುಂಜಾನೆ ಹತ್ತಕ್ಕ ಹಚ್ಚಿದ್ದು. 41 ತಾಸು 40 ನಿಮಿಷ. ಎರಡು ದಿವಸ ಗವಾಕ್ಷಿಗೆ ಹಾಳಿ ಅಂಟಿಸಿ, ಮನ್ಯಾಗ ಒಗ್ಗರಣಿ ಬಂದ್ ಮಾಡಿದೆ. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ರವಿವಾರ ಸಂಜಿಮುಂದ ಅರ್ಧಾ ತಾಸು ಲೈಟ್ ಹೋದಾಗ ಎಲ್ಲಾರೂ ಫ್ಯಾನ್ ಆರಿಸಿ, ಇನ್ವರ್ಟರ್ ಪೂರಾ ಆ ಡಬ್ಬಿಗೆ ಬಿಟ್ಟು ಬೆವತಕೊಂಡು ಕೂತ್ವಿ. ನಮ್ಮತ್ತಿ ಮಾತ್ರ "ಮಷೀನಿಗೆ ಸೆಕಿ ಆಗ್ತದಂತ, ನಮಗ ಆಗೂದಿಲ್ಲೇನು?" ಅಂತ ಬೀಸಣಿಕಿ ಬೀಸ್ಕೋತ ಅಂದ್ರು. ಸೋಮವಾರ ನಸುಕಿನ್ಯಾಗ ನಾಕಕ್ಕ ಇನ್ನೂ ಇಪ್ಪತ್ತು ನಿಮಿಷ ಇರೋವಾಗ ಕಡೀ ಫ್ರೇಮ್ ಬಂತು. ಆಕಿ ಹಂಗ ಕುರ್ಚಿ ಮ್ಯಾಲೆ ನಿದ್ದಿ ಹೋಗಿದ್ಲು, ಎಬ್ಬಿಸಿದಾಕಿ ನಾ.

ಹತ್ತಕ್ಕ ವಿಡಿಯೋ ಕೊಟ್ಲು. ಆ ಮನಿಯವರು ಅಡಗಿಮನಿ ಕಟ್ಟಿ ಬಣ್ಣಾ ಬದಲಿ ಮಾಡ್ರಿ ಅಂತ ಮತ್ತ 120 ಫ್ರೇಮ್ ಕೇಳಿದ್ರು. ಬೆಂಗಳೂರಿನವರಿಗೆ ಏನ ಹೇಳಿದ್ಲೋ ನಾ ಇನ್ನೂ ಕೇಳಿಲ್ಲ.

ಟೇಬಲ್ಲಿನ ಹಲಗಿ ಕೊಯ್ಯಲಿಲ್ಲ. ಆ ಕಪಾಟಿನ್ಯಾಗ ನಮ್ಮತ್ತಿ ತಮ್ಮ ಹಪ್ಪಳ ಸಂಡಿಗಿ ಡಬ್ಬಿ ಇಟ್ಟಾರ, ಹಿತ್ತಾಳಿ ಹಿಡಿಕಿಗೆ ಕೀಲಿನೂ ಹಾಕ್ಯಾರ. ಸಿಪಿಯು ಮಣೀ ಮ್ಯಾಲೆ ಅದ. ತಿಂಗಳಿಗೊಮ್ಮೆ ಜಾಳಗಿ ತೊಳಿಯೋ ಪಾಳಿ ನಮ್ಮವರದು.