ಅಥೆನ್ಸಿನ ದುರ್ಗದ ಮೇಲೆ

ಅಕ್ರೊಪೊಲಿಸ್ ಬೆಟ್ಟವನ್ನೇರಿ ನೈಋತ್ಯಕ್ಕೆ ದೃಷ್ಟಿ ಹಾಯಿಸಿದೆನು. ಪಿರೇಯಸ್ ಬಂದರೂ ಅದರಾಚೆ ಸಮುದ್ರವೂ ಕಂಡುವು. ಪೂರ್ವದಲ್ಲಿ ಅಥೆನ್ಸನ್ನೂ ಆ ಬಂದರನ್ನೂ ಸೇರಿಸಿ ಸುಮಾರು 6 ಕಿಲೋಮೀಟರು ಉದ್ದದ ಗೋಡೆಗಳಿದ್ದುವು. ಶತ್ರುವು ಹೊಲಗಳನ್ನು ಸುಟ್ಟರೂ ಹಡಗುಗಳಲ್ಲಿ ಬಂದ ಧಾನ್ಯವು ಅವುಗಳ ನಡುವೆ ನಗರವನ್ನು ಸೇರುತ್ತಿತ್ತು.

ಅಥೆನ್ಸಿನವರಿಗೂ ಸ್ಪಾರ್ಟದವರಿಗೂ ಭಾಷೆಯೊಂದೇ, ದೇವತೆಗಳೂ ಅವೇ. ಪಾರಸಿಕರು ದಂಡೆತ್ತಿ ಬಂದಾಗ, ಕ್ರಿ. ಪೂ. 480ರಲ್ಲಿ, ಜೊತೆಗೂಡಿ ಕಾದಿದವರು. ಅಂಥವರು ಕ್ರಿ. ಪೂ. 431ರಲ್ಲಿ ಪರಸ್ಪರ ಕತ್ತಿ ಹಿರಿದುದೇಕೆ? ಕಾರ್ಸಿರ, ಪೊಟಿಡಿಯ, ಮೆಗಾರ ಎಂಬ ಊರುಗಳ ವ್ಯಾಜ್ಯವೇ ಕಾರಣವೆಂದು ನಾನು ಎಷ್ಟೋ ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದೆನು. ಅವು ನೆವಗಳು ಮಾತ್ರ. ಅಥೆನ್ಸಿನ ಏಳಿಗೆಯೂ ಅದರಿಂದ ಸ್ಪಾರ್ಟಕ್ಕೆ ಹುಟ್ಟಿದ ಭಯವೂ ನಿಜವಾದ ಕಾರಣವೆಂದು ಆ ಯುದ್ಧದಲ್ಲಿ ಅಥೆನ್ಸಿನ ಸೇನಾನಿಯಾಗಿದ್ದ ಥುಸಿಡಿಡೀಸನೇ ಬರೆದಿರುವನು.

ಹಿಂದಿರುಗಿ ಪಾರ್ಥೆನಾನ್ ದೇಗುಲವನ್ನು ನೋಡಿದಾಗ ಆ ಮಾತು ಮನಸ್ಸಿಗೆ ನಾಟಿತು. ಪಾರಸಿಕರನ್ನು ತಡೆಯಲೆಂದು ಮಿತ್ರನಗರಗಳು ಡೀಲಾಸ್ ದ್ವೀಪದಲ್ಲಿ ಕೂಡಿಟ್ಟ ನಿಧಿಯು ಕ್ರಿ. ಪೂ. 454ರಲ್ಲಿ ಅಥೆನ್ಸಿಗೆ ಬಂದಿತು. 447ರಲ್ಲಿ ಈ ಗುಡಿಯ ಕೆಲಸ ಮೊದಲಾಯಿತು. ಮಿತ್ರರು ಕ್ರಮೇಣ ಕಪ್ಪಕಾಣಿಕೆ ತೆರುವ ಸಾಮಂತರಾದರು. ಇಷ್ಟು ಸೊಬಗನ್ನು ಕಂಡು ಮೆಚ್ಚುವುದೋ ಮರುಗುವುದೋ ತಿಳಿಯದಾಯಿತು.

ಕ್ರಿ. ಪೂ. 404ರಲ್ಲಿ ಸ್ಪಾರ್ಟದವರು ಗೆದ್ದು, ಕೊಳಲಿನ ನಾದದೊಡನೆ ಆ ಗೋಡೆಗಳನ್ನು ಕೆಡವಿಸಿದರು. ಗ್ರೀಸಿಗೆ ಸ್ವಾತಂತ್ರ್ಯವು ಅಂದೇ ಬಂದಿತೆಂದು ಹಿಗ್ಗಿದರು. ಆದರೆ ನಗರಗಳ ಕಲಹವು ನಿಲ್ಲಲಿಲ್ಲ. 338ರಲ್ಲಿ ಮ್ಯಾಸಿಡೋನಿಯದ ಫಿಲಿಪ್ಪನು ಕೈರೊನಿಯದಲ್ಲಿ ಅಥೆನ್ಸನ್ನೂ ಥೀಬ್ಸನ್ನೂ ಸೋಲಿಸಿದನು. ದಾಯಾದಿಗಳು ಹೊಡೆದಾಡಿ ಬಳಲಿದ ಮನೆಗೆ ಮೂರನೆಯವನು ಯಜಮಾನನಾದನು.